ಹಿಂದಿನ ಗಾಲಿಯ ಮೊಳೆ

ದೂರದ ಉತ್ತರದ ಹಿಮನಾಡಿನಲ್ಲಿ, ಹಡ್ಸನ್ ಕೊಲ್ಲಿಯ ದಡದಲ್ಲಿರುವ ಸಿಯೊರಾಲಿಕ್ ಎಂಬ ನಮ್ಮ ಊರಿನಲ್ಲಿ ಗಾಡಿ ಇಲ್ಲದ ಮನೆ ಇಲ್ಲ. ಗಾಡಿ ಎಂದರೆ ಕಾರಲ್ಲ. ದಪ್ಪ ಟೈರಿನ ನಾಲ್ಕು ಗಾಲಿಯ ಎಟಿವಿ, ಕುದುರೆ ಹತ್ತಿದ ಹಾಗೆ ಎರಡೂ ಕಡೆ ಕಾಲು ಹಾಕಿ ಕೂರುವಂಥದ್ದು. ಊರು ದಾಟಿದರೆ ರಸ್ತೆ ಎಂಬುದಿಲ್ಲ. ಹಿಮ ಕರಗಿದ ಮೇಲೆ ಮೀನಿನ ಬಲೆಯ ಹತ್ತಿರ ಹೋಗುವುದಕ್ಕೂ ಹಿಮಸಾರಂಗದ ಮಾಂಸ ಹೊತ್ತು ತರುವುದಕ್ಕೂ ಅದೇ ಗಾಡಿ. ಮುದುಕಿಯರನ್ನು ಹಣ್ಣು ಕೊಯ್ಯಲು ಗುಡ್ಡಕ್ಕೆ ಕರೆದೊಯ್ಯುವುದಕ್ಕೂ ಅದೇ. ಅದು ಓಡುತ್ತಿರುವಷ್ಟು ದಿನ ಅದರ ಅಡಿಯಲ್ಲಿ ಏನಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ.

ಇವಾಲುವಿನ ಮನೆಯ ಗಾಡಿ ಆ ಬೇಸಿಗೆಯಲ್ಲಿ ಹಿಂದಿನಿಂದ ಸದ್ದು ಮಾಡತೊಡಗಿತು. ನೇರ ದಾರಿಯಲ್ಲಿ ಏನೂ ಇಲ್ಲ. ತಿರುವಿನಲ್ಲಿ, ಕಲ್ಲು ಹತ್ತಿ ಇಳಿಯುವಾಗ, ಟಕ್ಕೆಂದು ಒಂದು ಸದ್ದು. ಹಿಂದೆ ಕೂತವರ ಬೆನ್ನಿಗೆ ಅದು ತಾಗುತ್ತಿತ್ತು. ಅಂಗಡಿಯಿಂದ ಹಿಟ್ಟಿನ ಚೀಲ ತರುವಾಗ ಇವಾಲು ಹಿಂದೆ ಕೂತಿದ್ದಳು. ಮನೆಗೆ ಬಂದ ಮೇಲೆ ಗಂಡನಿಗೆ ಹೇಳಿದಳು. ಸಿಮಿಯೋನಿ ಗಾಲಿಗೆ ಒಂದು ಸಲ ಒದ್ದು, ಟೈರು ಗಟ್ಟಿಯಾಗಿದೆ ಎಂದ.

"ಟೈರಲ್ಲ, ಒಳಗಡೆ ಏನೋ ಅಲ್ಲಾಡ್ತಿದೆ."

"ಇಷ್ಟು ವರ್ಷ ಕಲ್ಲಲ್ಲೇ ಓಡಿದೆ. ಸದ್ದು ಮಾಡ್ದೆ ಇನ್ನೇನು ಮಾಡುತ್ತೆ? ನೀನು ಬೆಳಗೆದ್ದಾಗ ಮಂಡಿ ಹಿಡ್ಕೊಂಡು ಏನೇನು ಸದ್ದು ಮಾಡ್ತೀಯ, ನಾನು ಕೇಳಿದ್ದೀನಾ?"

ಕಿಟಕಿಯ ಬಳಿ ಕೂತು ಸೀಲ್ ಎಂಬ ಕಡಲಪ್ರಾಣಿಯ ಚರ್ಮದ ಬೂಟು ಹೊಲಿಯುತ್ತಿದ್ದ ಅಲೂಕಿಯಜ್ಜಿ, ಸಿಮಿಯೋನಿಯ ತಾಯಿ, ತಲೆ ಎತ್ತದೆಯೇ ನಕ್ಕಳು. "ನನ್ನ ಸೊಂಟಾನೂ ಹಾಗೇ ಅಲ್ಲಾಡುತ್ತೆ ಕಣೋ. ಅದಕ್ಕೂ ಒಂದು ಮೊಳೆ ಹೊಡಿ."

ಮೊಳೆಯ ವಿಷಯ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹಿಂದಿನ ಶರತ್ಕಾಲದಲ್ಲಿ ಸಿಮಿಯೋನಿ ಒಬ್ಬನೇ ಬೇಟೆಗೆ ಹೋಗಿದ್ದಾಗ, ಊರಿಂದ ಬಹಳ ದೂರದಲ್ಲಿ ಹಿಂದಿನ ಗಾಲಿ ವಾಲಾಡತೊಡಗಿತ್ತು. ಇಳಿದು ನೋಡಿದರೆ ಗಾಲಿಯನ್ನು ಹಿಡಿದಿರುವ ದೊಡ್ಡ ನಟ್ಟಿನ ಪಿನ್ನು ತುಂಡಾಗಿ ಬಿದ್ದುಹೋಗಿತ್ತು. ಮಂಜು ಬರುತ್ತಿತ್ತು. ಅವನು ಆಹಾರದ ಪೆಟ್ಟಿಗೆಯಿಂದ ಒಂದು ಮೊಳೆ ಕಿತ್ತು, ನಟ್ಟು ಬಿಗಿದು, ಪಿನ್ನಿನ ತೂತಿಗೆ ಆ ಮೊಳೆ ತೂರಿಸಿ ಬಗ್ಗಿಸಿದ. ಇನ್ನೊಂದು ಕಡೆಯ ಪಿನ್ನೂ ಸವೆದಿದ್ದರಿಂದ ಅಲ್ಲೂ ಹಾಗೇ ಮಾಡಿದ. ಸಾರಂಗದ ಮಾಂಸದ ಸಮೇತ ಮನೆಗೆ ಬಂದ. ಅಂದು ಊಟಕ್ಕೆ ಕೂತವರೆಲ್ಲ ಆ ಕಥೆಯನ್ನು ಎರಡೆರಡು ಸಲ ಹೇಳಿಸಿದರು. ಅವನ ಅಪ್ಪ ಮುರಿದ ಜಾರುಬಂಡಿಗೆ ಸಾರಂಗದ ಕೊಂಬು ಕಟ್ಟಿ ಮನೆ ಸೇರಿದವನು. ಕೈಗೆ ಸಿಕ್ಕಿದ್ದರಲ್ಲಿ ಕೆಲಸ ಸಾಗಿಸುವುದು ನಮ್ಮಲ್ಲಿ ಗಂಡಸಿಗೆ ಒಂದು ಹೆಸರು. ಸಿಮಿಯೋನಿಗೆ ಆ ಹೆಸರು ಅಂದು ಸಿಕ್ಕಿತ್ತು. ಆಮೇಲೆ ಹಿಮ ಬಿತ್ತು, ಗಾಡಿ ಮೂಲೆ ಸೇರಿತು. ವಸಂತದಲ್ಲಿ ಹಿಮ ಕರಗಿತು, ಗಾಡಿ ಹೊರಗೆ ಬಂತು. ಮೊಳೆ ಇದ್ದಲ್ಲೇ ಇತ್ತು.

ಊರಿನ ಗ್ಯಾರೇಜಿನಲ್ಲಿ ಕೆಲಸ ಮಾಡುವ ಮಿಯಾಲಿ ಇವಾಲುವಿನ ಬಾಲ್ಯದ ಗೆಳತಿ. ಊರಿನ ರಕ್ಷಣಾ ತಂಡದ ಗಾಡಿಗಳನ್ನು ನೋಡಿಕೊಳ್ಳುವುದೂ ಅವಳೇ. ಗಟ್ಟಿ ದನಿಯ, ಮುಲಾಜಿಲ್ಲದ ಹೆಂಗಸು. ಒಂದು ಮಧ್ಯಾಹ್ನ ಅಂಗಡಿಯ ಮುಂದೆ ಸಿಮಿಯೋನಿ ಗಾಡಿ ತಿರುಗಿಸುವುದನ್ನು ಅವಳು ಕಂಡು ಕೈ ಅಡ್ಡ ಹಿಡಿದಳು. ಹಿಂದಿನ ಎಡಗಾಲಿ ತಿರುಗುವಾಗ ಒಳಕ್ಕೂ ಹೊರಕ್ಕೂ ತೂಗುತ್ತಿತ್ತು. ಅವಳು ಬಗ್ಗಿ ಗಾಲಿಯನ್ನು ಹಿಡಿದು ಅಲ್ಲಾಡಿಸಿದಳು. ಟಕ್ ಎಂದಿತು.

"ಪಿನ್ ಹಾಕಿದ್ದೀಯಾ?" ಎಂದು ಕೇಳಿದಳು.

"ಮೊಳೆ ಹಾಕಿದ್ದೀನಿ. ವರ್ಷದಿಂದ ಹಿಡ್ಕೊಂಡಿದೆ."

ಮಿಯಾಲಿ ಅಲ್ಲೇ ನಿಂತು ಬಿಡಿಸಿ ಹೇಳಿದಳು. ಹಿಂದಿನ ಎರಡು ಗಾಲಿಗಳ ನಡುವೆ ಇರುವುದು ಒಂದೇ ಉಕ್ಕಿನ ದಂಡ, ಆಕ್ಸಲ್. ಗಾಡಿಯ ಭಾರವೆಲ್ಲ ಅದರ ಮೇಲೆ. ನಡುವೆ ಅದನ್ನು ಹಿಡಿದಿರುವುದು ಬೇರಿಂಗ್. ತುದಿಯಲ್ಲಿ ಗಾಲಿ ಜಾರದ ಹಾಗೆ ಹಿಡಿದಿರುವುದು ನಟ್ಟು. ಆ ನಟ್ಟು ಬಿಚ್ಚಿಕೊಳ್ಳದ ಹಾಗೆ ಕಾಯುವುದು ಪಿನ್ನು, ಕಾಟರ್ ಪಿನ್ ಎನ್ನುತ್ತಾರೆ. ಮೊಳೆ ಆ ತೂತಿಗೆ ಸರಿಯಾಗಿ ಕೂರುವುದಿಲ್ಲ. ಗಾಲಿ ತಿರುಗಿದಂತೆಲ್ಲ ಒಳಗೇ ಸವೆಯುತ್ತದೆ. ಸವೆದು ತುಂಡಾದ ದಿನ ನಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ. ಅದು ಯಾವ ದಿನ ಎಂದು ಯಾರಿಗೂ ಹೇಳಿ ಬರುವುದಿಲ್ಲ.

ಗ್ಯಾರೇಜಿನಲ್ಲಿ ಪಿನ್ನುಗಳ ಡಬ್ಬಿಯೇ ಇದೆ, ಸಂಜೆ ಬಾ ಎಂದಳು. ಸಿಮಿಯೋನಿ ನಕ್ಕ. ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದವರು ನೋಡುತ್ತಿದ್ದರು.

"ನಮ್ಮಪ್ಪ ಕೊಂಬು ಕಟ್ಟಿ ಮನೆ ಸೇರಿದ್ದ. ಅವನ ಮಗ ನಾನು. ಒಂದು ಮೊಳೇಗೆ ಹೆದರ್ಕೊಂಡು ಗ್ಯಾರೇಜಿಗೆ ಬರ್ಲಾ?"

"ಬಯಲಲ್ಲಿ ಮೊಳೆ ಹಾಕಿ ಮನೆ ಸೇರೋದು ಜಾಣತನ," ಎಂದಳು ಮಿಯಾಲಿ. "ಮನೆ ಸೇರಿದ್ಮೇಲೂ ಆ ಮೊಳೇನ ಅಲ್ಲೇ ಬಿಡೋದು ಜಾಣತನ ಅಲ್ಲ. ನಿಮ್ಮಪ್ಪ ಮನೆಗೆ ಬಂದ್ಮೇಲೆ ಕೊಂಬು ಬಿಚ್ಚಿ ಹೊಸ ಮರ ಹಾಕಿರ್ಲಿಲ್ವಾ?"

ಹಾಕಿದ್ದ. ಅದು ಸಿಮಿಯೋನಿಗೂ ಗೊತ್ತಿತ್ತು. ಆದರೆ ಮೆಟ್ಟಿಲ ಮೇಲೆ ಕೂತವರು ನಕ್ಕುಬಿಟ್ಟರು. ಆ ನಗು ಅವನನ್ನು ಕೆಡಿಸಿತು. ಗಾಡಿ ಚಾಲೂ ಮಾಡಿ ಹೊರಟುಬಿಟ್ಟ. ಅವನು ಸಂಜೆ ಗ್ಯಾರೇಜಿಗೆ ಹೋಗಲಿಲ್ಲ. ಮರುದಿನ ಹೋಗು ಎಂದು ಇವಾಲು ಹೇಳಬೇಕೆಂದಿದ್ದಳು. ಹೇಳಿದರೆ ಮತ್ತೆ ಮಾತಿಗೆ ಮಾತು ಬೆಳೆಯುತ್ತದೆ ಎಂದು ಸುಮ್ಮನಾದಳು. ಹಾಗೆ ಸುಮ್ಮನಿದ್ದದ್ದು ಮುಂದೆ ಅವಳನ್ನು ಚಳಿಗಾಲ ಪೂರ್ತಿ ಸುಟ್ಟಿತು.

ಆಗಸ್ಟಿನಲ್ಲಿ ಗುಡ್ಡದ ಮೇಲೆ ಕಪ್ಪುಹಣ್ಣು ಬಿಟ್ಟಿತು. ನೆಲಕ್ಕೆ ಅಂಟಿಕೊಂಡ ಪೊದೆಗಳಲ್ಲಿ, ಮಣಿ ಚೆಲ್ಲಿದ ಹಾಗೆ. ಅಲೂಕಿಯಜ್ಜಿಗೆ ವರ್ಷದಲ್ಲಿ ಬೇರೆ ಯಾವ ಹಬ್ಬವೂ ಇಷ್ಟು ಮುಖ್ಯವಲ್ಲ. ಬೆಳಿಗ್ಗೆ ಎದ್ದು ತಾನೇ ಚಹಾದ ಫ್ಲಾಸ್ಕು ತುಂಬಿಸಿ, ಒಣಮೀನು ಕಟ್ಟಿಕೊಂಡು, ತಲೆಗೆ ವಸ್ತ್ರ ಬಿಗಿದು, ಬಾಗಿಲಲ್ಲಿ ಕೂತುಬಿಟ್ಟಳು. ಸಿಮಿಯೋನಿ ಮೊದಲು ಇವಾಲುವನ್ನೂ ಡಬ್ಬಿಗಳನ್ನೂ ಗುಡ್ಡಕ್ಕೆ ಬಿಟ್ಟುಬಂದ. ಆ ದಾರಿಯಲ್ಲೂ ಹಿಂದಿನಿಂದ ಟಕ್ ಟಕ್ ಸದ್ದು ಇತ್ತು. ಅವಳು ಕೇಳಿಸಿಕೊಂಡಳು. ಬಿಸಿಲು ಚೆನ್ನಾಗಿತ್ತು, ಗಾಳಿಯಿಂದ ಸೊಳ್ಳೆ ಇರಲಿಲ್ಲ, ಗಂಡ ಬಹಳ ದಿನದ ಮೇಲೆ ಹಾಡು ಗುನುಗುತ್ತಿದ್ದ. ಅವಳು ಏನೂ ಹೇಳಲಿಲ್ಲ.

ಎರಡನೆಯ ಸಲ ಅವನು ತಾಯಿಯನ್ನು ಕರೆದುಕೊಂಡು ಬಂದ. ಹಿಂದೆ ಸಾಮಾನು ಕಟ್ಟುವ ಕಂಬಿಗಳ ಕಟಕಟೆಯ ಮೇಲೆ ಸಾರಂಗದ ಚರ್ಮ ಹಾಸಿ ಅವಳನ್ನು ಕೂರಿಸಿದ್ದ. ಇವಾಲು ಮೇಲಿನಿಂದ ನೋಡುತ್ತಿದ್ದಳು. ಗಾಡಿ ಕೆರೆಯ ಪಕ್ಕದ ಇಳಿಜಾರನ್ನು ಓರೆಯಾಗಿ ಹತ್ತುತ್ತಿತ್ತು. ಅತ್ತೆ ಕೈ ಎತ್ತಿ ಬೀಸಿದಳು. ಆಗ ಗಾಡಿಯಿಂದ ಏನೋ ಬೇರೆಯಾಯಿತು. ಅದು ಗಾಲಿ ಎಂದು ಅವಳಿಗೆ ಒಂದು ಗಳಿಗೆ ಹೊಳೆಯಲೇ ಇಲ್ಲ. ಗಾಲಿಯೊಂದೇ ನೆಟ್ಟಗೆ, ಯಾವ ಅವಸರವೂ ಇಲ್ಲದೆ, ಇಳಿಜಾರಿನಲ್ಲಿ ಉರುಳಿ ಹೋಗಿ ಕೆರೆಯ ಅಂಚಿನಲ್ಲಿ ಮಗ್ಗುಲಾಗಿ ಬಿತ್ತು. ಅಷ್ಟರಲ್ಲಿ ಆಕ್ಸಲ್ಲಿನ ಬರಿ ತುದಿ ನೆಲಕ್ಕೆ ಕಚ್ಚಿ ಗಾಡಿ ಎಡಕ್ಕೆ ಮಗುಚಿತ್ತು.

ಇವಾಲು ಓಡಿ ಇಳಿಯುವ ಹೊತ್ತಿಗೆ ಸಿಮಿಯೋನಿ ಎದ್ದಿದ್ದ. ಅವನ ಹಣೆಯಿಂದ ರಕ್ತ ಬರುತ್ತಿತ್ತು. ಅದು ಅವನಿಗೆ ಗೊತ್ತೇ ಇರಲಿಲ್ಲ. ಅಲೂಕಿಯಜ್ಜಿ ಗಟ್ಟಿ ನೆಲದ ಮೇಲೆ ಬಿದ್ದಿದ್ದಳು. ಒಂದು ಕಾಲು ಇರಬಾರದ ಕಡೆಗೆ ತಿರುಗಿತ್ತು. ಅಜ್ಜಿ ಅಳಲಿಲ್ಲ. ನಮ್ಮ ಹಳೆಯ ಕಾಲದ ಹೆಂಗಸರು ನೋವಿಗೆ ಸದ್ದು ಮಾಡುವುದಿಲ್ಲ. ಹಲ್ಲು ಕಚ್ಚಿ ಆಕಾಶ ನೋಡುತ್ತಿದ್ದಳು.

ಸಿಮಿಯೋನಿಯ ಬಳಿಯಿದ್ದ ಸಣ್ಣ ರೇಡಿಯೊದಿಂದ ಊರಿಗೆ ಕರೆ ಹೋಯಿತು. ರಕ್ಷಣಾ ತಂಡ ಬಂತು. ಅದರಲ್ಲಿ ಮಿಯಾಲಿಯೂ ಇದ್ದಳು. ಕಳಚಿದ ಗಾಲಿಯ ಕಡೆ ಅವಳು ಒಮ್ಮೆ ನೋಡಿದಳು, ಸಿಮಿಯೋನಿಯ ಕಡೆ ನೋಡಲಿಲ್ಲ. ಹಲಗೆಯ ಮೇಲೆ ಅಜ್ಜಿಯನ್ನು ಕಟ್ಟಿ, ನಾಲ್ಕು ಜನ ಹೊತ್ತು ಇಳಿಸಿದರು. ದಾರಿಯಲ್ಲಿ ಅಜ್ಜಿ ಸೊಸೆಯ ತೋಳು ಹಿಡಿದು, ಕೊಯ್ದ ಹಣ್ಣನ್ನು ಅಲ್ಲೇ ಬಿಟ್ಟು ಬರಬೇಡ ಎಂದಳು. ಇವಾಲು ವಾಪಸು ಹತ್ತಿ ಹೋಗಿ ಅರ್ಧ ತುಂಬಿದ ಡಬ್ಬಿಯನ್ನು ತಂದಳು.

ಊರಿನ ಆಸ್ಪತ್ರೆಯಲ್ಲಿ ನರ್ಸುಗಳಿದ್ದಾರೆ, ಮೂಳೆ ಕೂಡಿಸುವ ಡಾಕ್ಟರಿಲ್ಲ. ಅಂಥವರನ್ನು ದಕ್ಷಿಣದ ನಗರಕ್ಕೆ ವಿಮಾನದಲ್ಲಿ ಕಳಿಸಬೇಕು. ಅಂದು ಸಂಜೆ ಕೊಲ್ಲಿಯಿಂದ ಮಂಜು ಎದ್ದು ವಿಮಾನದ ಹಾದಿಯನ್ನೇ ನುಂಗಿತು. ವಿಮಾನ ಬಂದು ಮೇಲೆಯೇ ಸುತ್ತಿ ಹೋಯಿತು. ಅದರ ಸದ್ದನ್ನು ಊರವರೆಲ್ಲ ಕೇಳಿದರು. ಮಂಜು ಬಿಟ್ಟ ಮೇಲೆ ತಾಯಿಯ ಜೊತೆ ಸಿಮಿಯೋನಿ ಹೋದ. ಸೊಂಟದ ಮೂಳೆ ಕೂಡಿಸಿದರು. ಆಮೇಲೆ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ತನ್ನ ಮಾತು ಬರದವರ ನಡುವೆ, ಮರಗಳು ಕಾಣುವ ಒಂದು ಕಿಟಕಿಯ ಪಕ್ಕ, ಅಲೂಕಿಯಜ್ಜಿ ತೀರಿಕೊಂಡಳು. ಬಯಲು ಕಾಣುವುದಿಲ್ಲ, ಆ ಮರಗಳನ್ನು ಯಾರಾದರೂ ಆಚೆ ಸರಿಸಿ ಎಂದು ಕೊನೆಯ ದಿನಗಳಲ್ಲಿ ಹೇಳುತ್ತಿದ್ದಳಂತೆ. ಸಿಮಿಯೋನಿ ಹಿಂದಿರುಗಿದಾಗ ಜೊತೆಗೆ ಒಂದು ಪೆಟ್ಟಿಗೆ ಬಂತು. ಊರ ಹೊರಗಿನ ಜಲ್ಲಿ ದಿಬ್ಬದಲ್ಲಿ ಮಣ್ಣು ಮಾಡಿ, ಮೇಲೆ ಕಲ್ಲು ಪೇರಿಸಿದರು.

ಆ ಚಳಿಗಾಲದಲ್ಲಿ ಮನೆಯಲ್ಲಿ ಮಾತು ಕಡಿಮೆಯಾಯಿತು. ಮಗುಚಿದ ಗಾಡಿಯನ್ನು ಯಾರೋ ಎಳೆದು ತಂದು ಮನೆಯ ಹಿಂದೆ ನಿಲ್ಲಿಸಿದ್ದರು. ಸಿಮಿಯೋನಿ ಅದರ ಮೇಲೆ ಒಂದು ತಾಡಪಾಲು ಎಳೆದ. ಹಿಮ ಬಿದ್ದು ಅದು ಮುಚ್ಚಿಹೋಯಿತು. ಯಾರಾದರೂ ಬಂದು ಸಮಾಧಾನ ಹೇಳಿದರೆ ಅವನದು ಒಂದೇ ಮಾತು. ಇಳಿಜಾರಿನಲ್ಲಿ ಕಲ್ಲು ಇತ್ತು, ಕಲ್ಲಿಗೆ ಹೊಡೆಯಿತು, ಅವಳ ಕಾಲ ಬಂದಿತ್ತು. ಬಂದವರು ತಲೆಯಾಡಿಸಿ ಚಹಾ ಕುಡಿದು ಹೋಗುತ್ತಿದ್ದರು. ನಮ್ಮಲ್ಲಿ ಯಾರೂ ಯಾರ ಮುಖಕ್ಕೂ ತಪ್ಪು ಎತ್ತಿ ಆಡುವುದಿಲ್ಲ. ಆಡದೇ ಉಳಿದದ್ದು ಮನೆಯೊಳಗೇ ಕೂತಿರುತ್ತದೆ. ಇವಾಲು ಹಣ್ಣಿನ ಡಬ್ಬಿಯನ್ನು ಶೀತಪೆಟ್ಟಿಗೆಯ ತಳದಲ್ಲಿ ಇಟ್ಟಿದ್ದಳು. ಮಾಂಸ ತೆಗೆಯುವಾಗಲೆಲ್ಲ ಅದು ಕೈಗೆ ತಾಗುತ್ತಿತ್ತು. ಯಾರೂ ಅದನ್ನು ತಿನ್ನಲಿಲ್ಲ, ಯಾರೂ ಚೆಲ್ಲಲೂ ಇಲ್ಲ.

ವಸಂತದಲ್ಲಿ ಸಿಮಿಯೋನಿಯ ತಂಗಿ ಲೀಟಿಯಾ, ಹೆರಿಗೆಗೆಂದು ದಕ್ಷಿಣಕ್ಕೆ ಹೋದವಳು, ಫೋನ್ ಮಾಡಿದಳು. ಹೆಣ್ಣು ಮಗು. ಹೆಸರು ಅಲೂಕಿ. ಸತ್ತವರ ಹೆಸರನ್ನು ಮುಂದೆ ಹುಟ್ಟುವ ಮಗುವಿಗೆ ಇಡುವುದು, ಹೆಸರಿನ ಜೊತೆ ಸಂಬಂಧವನ್ನೂ ಒಪ್ಪಿಸುವುದು ನಮ್ಮ ಪದ್ಧತಿ. ಇನ್ನು ಮೇಲೆ ಆ ಕೂಸು ಸಿಮಿಯೋನಿಗೆ ಅನಾನಾ, ಅಂದರೆ ಅಮ್ಮ. ಅವನು ಫೋನಿನಲ್ಲಿ ಹೂಂ ಎಂದ. ಇಟ್ಟ ಮೇಲೆ ಹೊರಗೆ ಹೋಗಿ ಬಹಳ ಹೊತ್ತು ಬರಲಿಲ್ಲ.

ಅಷ್ಟರಲ್ಲಿ ಹಿಮ ಕರಗಿ ತಾಡಪಾಲು ಹೊರಗೆ ಕಂಡಿತ್ತು. ಬಲೆ ಹಾಕುವ ಕಾಲ ಹತ್ತಿರ ಬಂದಿತ್ತು. ಗಾಡಿ ಇಲ್ಲದೆ ಮೀನಿಲ್ಲ, ಮೀನಿಲ್ಲದೆ ಮುಂದಿನ ಚಳಿಗಾಲ ಕಷ್ಟ. ಸಿಮಿಯೋನಿ ಗಾಡಿಯ ಹತ್ತಿರ ಸುಳಿಯಲಿಲ್ಲ. ಕೊನೆಗೆ ಇವಾಲು ತಾನೇ ಗ್ಯಾರೇಜಿಗೆ ಹೋದಳು.

"ನನಗೆ ಕಲಿಸು," ಎಂದಳು ಮಿಯಾಲಿಗೆ. "ಇನ್ನೊಬ್ಬರು ಮಾಡ್ತಾರೆ ಅಂತ ಕಾಯೋದು ನನ್ನಿಂದ ಆಗಲ್ಲ."

ಮಿಯಾಲಿ ಮುಂದಿನ ರಜೆಯ ದಿನ ಸಾಮಾನು ತೆಗೆದುಕೊಂಡು ಬಂದಳು. ಗಾಡಿಯನ್ನು ಸಮ ನೆಲಕ್ಕೆ ತಳ್ಳಿದರು. ಮುಂದಿನ ಗಾಲಿಗಳಿಗೆ ಕಲ್ಲು ಕೊಟ್ಟರು. ಹಿಂಭಾಗವನ್ನು ಜಾಕಿನಿಂದ ಎತ್ತಿ, ಅಡಿಗೆ ದಪ್ಪ ಮರದ ತುಂಡು ಇಟ್ಟರು. ಬರೀ ಜಾಕನ್ನು ನಂಬಿ ಯಾವತ್ತೂ ಕೈ ಒಳಗೆ ಹಾಕಬೇಡ, ಜಾಕು ಜಾರಿದರೆ ಕೈ ಹೋಯಿತು ಎಂದು ಮಿಯಾಲಿ ಮೊದಲೇ ಹೇಳಿದಳು. ಗಾಲಿ ಉಳಿದಿದ್ದ ಬಲಗಡೆಗೆ ಇಬ್ಬರೂ ಕೂತರು.

"ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಹಿಡ್ಕೊ. ಒಂದು ಕೈಲಿ ತಳ್ಳು, ಒಂದು ಕೈಲಿ ಎಳಿ. ಗಟ್ಟಿ ಗಾಲಿ ಬಂಡೆ ಇದ್ದ ಹಾಗೆ ಇರುತ್ತೆ."

ಇವಾಲು ಹಿಡಿದು ಅಲ್ಲಾಡಿಸಿದಳು. ಟಕ್ ಎಂದಿತು. ಹಿಂದಿನ ಬೇಸಿಗೆಯಲ್ಲಿ ಅವಳ ಬೆನ್ನಿಗೆ ತಾಗುತ್ತಿದ್ದ ಸದ್ದು ಇದೇ. ಅವಳ ಕೈ ನಿಂತುಹೋಯಿತು. ಮಿಯಾಲಿ ಅವಸರ ಮಾಡಲಿಲ್ಲ.

ಗಾಲಿ ಬಿಚ್ಚಿದರು. ಒಳಗೆ ಗಾಲಿ ಕೂರುವ ಬಟ್ಟಲಿನಂಥ ಹಬ್, ಅದರ ನಡುವೆ ದೊಡ್ಡ ನಟ್ಟು. ನಟ್ಟಿನ ಅಡ್ಡ ತೂತಿನಲ್ಲಿ ಆ ಮೊಳೆ ತುಕ್ಕು ಹಿಡಿದು ಕೂತಿತ್ತು. ಮಿಯಾಲಿ ಇಕ್ಕಳದಿಂದ ಎಳೆದಳು. ಮೊಳೆ ಬಂತು. ನಡುವಿನಲ್ಲಿ ಅದು ಸವೆದು ನೂಲಿನಷ್ಟಾಗಿತ್ತು. ಅವಳು ಅದನ್ನು ಒಂದು ತಗಡಿನ ಮುಚ್ಚಳದಲ್ಲಿಟ್ಟಳು. ನಟ್ಟು ಬೆರಳಿನಿಂದಲೇ ತಿರುಗಿತು. ಪಾನ, ಅಂದರೆ ಸ್ಪ್ಯಾನರ್, ಬೇಕಾಗಲೇ ಇಲ್ಲ.

ಹಿಂದೆ ಜಲ್ಲಿಯ ಮೇಲೆ ಹೆಜ್ಜೆಯ ಸದ್ದಾಯಿತು. ಸಿಮಿಯೋನಿ ಬಂದು ನಿಂತಿದ್ದ. ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ. ಬಗ್ಗಿ ಮುಚ್ಚಳದಿಂದ ಮೊಳೆ ಎತ್ತಿಕೊಂಡ.

"ಇದು ಆವತ್ತು ಕಳಚಿದ ಕಡೇದಾ?"

"ಅಲ್ಲ," ಎಂದಳು ಮಿಯಾಲಿ. "ಆ ಕಡೇದು ಗುಡ್ಡದಲ್ಲೇ ಎಲ್ಲೋ ಬಿತ್ತು. ಇದು ಈ ಕಡೇದು."

"ಇದೂ ಬೀಳ್ತಿತ್ತಾ?"

"ಬೀಳ್ತಿತ್ತು. ಆ ದಿನ ಅಲ್ಲದಿದ್ರೆ ಇನ್ನೊಂದು ದಿನ."

ಅವನು ಮೊಳೆಯನ್ನು ಬೆರಳುಗಳ ನಡುವೆ ಹಿಡಿದು ಸ್ವಲ್ಪ ಬಗ್ಗಿಸಿದ. ಅದು ಒಣಕಡ್ಡಿಯ ಹಾಗೆ ಮುರಿಯಿತು.

"ಕಲ್ಲಿಗೆ ಹೊಡೀಲಿಲ್ಲ," ಎಂದ. ಯಾರಿಗೆ ಹೇಳಿದನೋ ಗೊತ್ತಾಗಲಿಲ್ಲ. "ಅಲ್ಲಿ ಕಲ್ಲೇ ಇರ್ಲಿಲ್ಲ."

ಇವಾಲುವಿಗೆ ಅವನ ಮೇಲೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಸದ್ದು ಅವಳಿಗೂ ಕೇಳಿಸಿತ್ತು. ಅವಳು ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟಳು. ಅವನು ಕೂತ. ಮಿಯಾಲಿ ಎಣ್ಣೆ ಒರೆಸುವ ಬಟ್ಟೆಯನ್ನು ಅವನ ಕೈಗಿಟ್ಟು ಕೆಲಸ ಮುಂದುವರಿಸಿದಳು.

ಒಳಗೆ ಕೆಟ್ಟದ್ದು ಮೊಳೆಯೊಂದೇ ಆಗಿರಲಿಲ್ಲ. ಹಬ್ಬಿನ ಒಳಗೆ ಆಕ್ಸಲ್ಲನ್ನು ಕಚ್ಚಿ ಹಿಡಿಯುವ ಹಲ್ಲುಗಳು ಸವೆದು ನುಣ್ಣಗಾಗಿದ್ದವು. ಬೇರಿಂಗಿನ ರಬ್ಬರ್ ಸೀಲು ಹರಿದಿತ್ತು. ಬಲೆಯ ಹತ್ತಿರ ಹೋಗುವಾಗ ಗಾಡಿ ಸಮುದ್ರದ ನೀರಿನಲ್ಲಿ ಇಳಿಯುತ್ತದೆ, ಹರಿದ ಸೀಲಿನಿಂದ ಉಪ್ಪುನೀರು ಒಳಗೆ ಹೋಗಿ ಗ್ರೀಸನ್ನೆಲ್ಲ ಕಂದು ಕೆಸರು ಮಾಡಿತ್ತು. ಬೇರಿಂಗಿನ ಗುಂಡುಗಳು ತಿರುಗುವಾಗ ಮರಳು ಅರೆದ ಹಾಗೆ ಸದ್ದು ಬರುತ್ತಿತ್ತು. ಬೇರಿಂಗ್ ಸಡಿಲವಾದರೆ ಆಕ್ಸಲ್ ಕುಣಿಯುತ್ತದೆ, ಆಕ್ಸಲ್ ಕುಣಿದರೆ ನಟ್ಟು ಸಡಿಲವಾಗುತ್ತದೆ, ಒಂದು ಇನ್ನೊಂದನ್ನು ಕೆಡಿಸುತ್ತ ಹೋಗುತ್ತದೆ. ಬರೀ ನಟ್ಟು ಬಿಗಿದು ಸುಮ್ಮನಾಗಿದ್ದರೂ ಇದು ಮತ್ತೆ ಸಡಿಲವಾಗುತ್ತಿತ್ತು ಎಂದು ಮಿಯಾಲಿ ತೋರಿಸಿಕೊಟ್ಟಳು. ಎಡಗಡೆಯಲ್ಲಿ ಆಕ್ಸಲ್ಲಿನ ತುದಿಯ ಮರೆ, ಅಂದರೆ ನಟ್ಟು ತಿರುಗಿ ಕೂರುವ ಸುರುಳಿ ಗೀರುಗಳೇ, ಜಜ್ಜಿಹೋಗಿದ್ದವು. ಅದಕ್ಕೆ ಯಾವ ನಟ್ಟೂ ಕೂರುವಂತಿರಲಿಲ್ಲ.

ಬೇರಿಂಗು, ಸೀಲು, ಹಬ್ಬುಗಳು ವಿಮಾನದಲ್ಲಿ ಬರಬೇಕಾಯಿತು. ಆಕ್ಸಲ್ ಊರಾಚೆಯ ಹಳೆ ಗಾಡಿಗಳ ರಾಶಿಯಲ್ಲಿ, ಅದೇ ಜಾತಿಯ ಇನ್ನೊಂದು ಗಾಡಿಯಲ್ಲಿ ಸಿಕ್ಕಿತು. ಹಾಗೆಂದು ಮಿಯಾಲಿ ಅದನ್ನು ಸುಮ್ಮನೆ ಹಾಕಲಿಲ್ಲ. ಸಮನಾದ ಹಲಗೆಯ ಮೇಲೆ ಉರುಳಿಸಿ ನೋಡಿದಳು. ಬಾಗಿದ್ದರೆ ಕುಣಿಯುತ್ತದೆ. ಇದು ಕುಣಿಯಲಿಲ್ಲ. ಹಲ್ಲುಗಳನ್ನೂ ಮರೆಯನ್ನೂ ಬೆರಳಾಡಿಸಿ ನೋಡಿದಳು.

ಸಾಮಾನು ಬಂದ ಮೇಲೆ ಸಿಮಿಯೋನಿಯೇ ಕೂತು ಜೋಡಿಸಿದ. ಹೊಸ ಬೇರಿಂಗು, ಹೊಸ ಸೀಲು, ತುಂಬ ಗ್ರೀಸು. ಹಬ್ಬಿನ ಹಲ್ಲುಗಳಿಗೂ ತೆಳುವಾಗಿ ಗ್ರೀಸು. ನಟ್ಟನ್ನು ಕೈಬಲದ ಅಂದಾಜಿನಲ್ಲಿ ಬಿಗಿಯಲು ಹೋದ. ಮಿಯಾಲಿ ಬಿಗಿತ ತೋರಿಸುವ ಪಾನ ಕೊಟ್ಟು, ಗಾಡಿಯ ಕೈಪಿಡಿಯಲ್ಲಿ ಹೇಳಿದ ಅಳತೆಗೆ ಬಿಗಿ ಎಂದಳು. ಕಡಿಮೆಯಾದರೆ ಸಡಿಲ, ಹೆಚ್ಚಾದರೆ ಮರೆ ಕಿತ್ತುಹೋಗುತ್ತದೆ. ಅಳತೆಗೆ ಬಂದ ಮೇಲೂ ಪಿನ್ನಿನ ತೂತು ಸೇರದಿದ್ದರೆ, ನಟ್ಟನ್ನು ಹಿಂದಕ್ಕೆ ಸಡಿಲಿಸಬಾರದು. ಸ್ವಲ್ಪ ಮುಂದಕ್ಕೆ ಬಿಗಿದು ತೂತು ಸೇರಿಸಬೇಕು. ಕೊನೆಗೆ ಹೊಸ ಕಾಟರ್ ಪಿನ್ನು. ತೂರಿಸಿ, ಎರಡು ಕಾಲನ್ನೂ ಆಚೆ ಈಚೆ ಬಗ್ಗಿಸಿದ.

"ಒಂದು ಸಲ ತೆಗೆದ ಪಿನ್ ಮತ್ತೆ ಹಾಕ್ಬೇಡ," ಎಂದಳು ಮಿಯಾಲಿ. "ಬಗ್ಗಿಸಿ ನೆಟ್ಟಗೆ ಮಾಡಿದ್ದು ಮುರಿಯುತ್ತೆ. ಸೀಟಿನ ಕೆಳಗೆ ನಾಲ್ಕು ಹೊಸವು ಇಟ್ಕೊ. ಬಯಲಲ್ಲಿ ಮೊಳೆ ಹುಡುಕೋ ಹಾಗಾಗ್ಬಾರ್ದು."

ಊರೊಳಗೆ ಒಂದು ಸುತ್ತು ಹೊಡೆದು ಬಂದು, ಮತ್ತೆ ಎತ್ತಿ ನಿಲ್ಲಿಸಿ ಗಾಲಿ ಹಿಡಿದು ನೋಡಿದರು. ಗಾಲಿಯ ನಟ್ಟುಗಳನ್ನು ಇನ್ನೊಮ್ಮೆ ಬಿಗಿದರು. ಹೊಸದಾಗಿ ಜೋಡಿಸಿದ್ದು ಸ್ವಲ್ಪ ಓಡಿದ ಮೇಲೆ ಕೂತುಕೊಳ್ಳುತ್ತದೆ, ಆಗ ಒಮ್ಮೆ ನೋಡದಿದ್ದರೆ ಮಾಡಿದ್ದೆಲ್ಲ ನೀರಿನಲ್ಲಿ ಹೋಮ. ಅಂದಿನಿಂದ ಮನೆಯಲ್ಲಿ ಕೆಲವು ಕಟ್ಟುಪಾಡುಗಳಾದವು. ಹೊರಡುವ ಮುಂಚೆ ಪ್ರತಿ ಸಲವೂ ಗಾಲಿ ಹಿಡಿದು ಅಲ್ಲಾಡಿಸಬೇಕು. ಸಮುದ್ರದ ನೀರಿಗೆ ಇಳಿದು ಬಂದ ದಿನ ಹಳ್ಳದ ಸಿಹಿನೀರಿನಲ್ಲಿ ಹಿಂಭಾಗ ತೊಳೆಯಬೇಕು. ಹಿಮ ಬೀಳುವ ಮುಂಚೆ, ಹಿಮ ಕರಗಿದ ಮೇಲೆ ಸೀಲು ಬೇರಿಂಗು ನೋಡಬೇಕು. ಹಿಂದಿನ ಕಟಕಟೆಯ ಮೇಲೆ ಮನುಷ್ಯರನ್ನು ಕೂರಿಸುವುದಿಲ್ಲ. ಈ ಕೊನೆಯದನ್ನು ಸಿಮಿಯೋನಿ ತಾನೇ ಹೇಳಿದ. ಕಂಪನಿಯವರು ಅದರ ಮೇಲೆ ಮೊದಲಿನಿಂದಲೂ ಹಾಗೆ ಬರೆದಿದ್ದರು. ನಮ್ಮೂರಿನಲ್ಲಿ ಅದನ್ನು ಓದಿದವರು ಕಡಿಮೆ.

ಲೀಟಿಯಾ ಮಗುವಿನೊಂದಿಗೆ ಬರುವ ದಿನ ಗಾಳಿ ಜೋರಾಗಿತ್ತು. ಸಿಮಿಯೋನಿ ಗಾಡಿ ತೆಗೆದುಕೊಂಡು ಹೋದ, ಇವಾಲು ನಡೆದು ಹೋದಳು. ವಿಮಾನ ನಿಲ್ದಾಣ ಊರಿಗೆ ಅಂಟಿಕೊಂಡೇ ಇದೆ. ಲೀಟಿಯಾ ಕೋಟಿನ ಬೆನ್ನಿಗೆ ಚೀಲದಂತೆ ಇಳಿಬಿದ್ದ ದೊಡ್ಡ ಕುಲಾವಿಯಲ್ಲಿ ಮಗುವನ್ನು ಹೊತ್ತು ಹೊರಗೆ ಬಂದಳು. ಸಿಮಿಯೋನಿ ಹತ್ತಿರ ಹೋಗಿ, ಟೋಪಿ ತೆಗೆದು, ಕುಲಾವಿಯೊಳಗೆ ಬಗ್ಗಿ ನೋಡಿದ. ಮಗು ನಿದ್ದೆ ಮಾಡುತ್ತಿತ್ತು.

"ಬಂದ್ಯಾ, ಅನಾನಾ," ಎಂದ.

ಲೀಟಿಯಾ ಅಣ್ಣನ ಭುಜದ ಮೇಲಿನಿಂದ ಗಾಡಿಯನ್ನು ನೋಡುತ್ತಿದ್ದಳು.

"ಅಣ್ಣ, ಅದೇ ಗಾಡೀನಾ?"

ಅದೇ ಎಂದ. ಸುಳ್ಳು ಹೇಳಲಿಲ್ಲ, ಹೊಸದಾಗಿದೆ ಎಂದು ಜಂಬವನ್ನೂ ಕೊಚ್ಚಲಿಲ್ಲ. ಅವಳ ಕೈ ಹಿಡಿದು ಕರೆದುಕೊಂಡು ಹೋಗಿ ಆ ಕೈಯನ್ನು ಹಿಂದಿನ ಗಾಲಿಯ ಮೇಲೆ ಇಟ್ಟ. ಮೊದಲು ಎಡಗಡೆ, ಆಮೇಲೆ ಬಲಗಡೆ. ಅವಳು ಮಗುವನ್ನು ಬೆನ್ನಲ್ಲಿಟ್ಟುಕೊಂಡೇ ಇರುವ ಶಕ್ತಿಯನ್ನೆಲ್ಲ ಹಾಕಿ ಅಲ್ಲಾಡಿಸಿದಳು. ಗಾಲಿ ಕದಲಲಿಲ್ಲ. ಅವಳು ಕೈ ತೆಗೆದು ಕೋಟಿಗೆ ಒರೆಸಿಕೊಂಡಳು.

"ಚೆನ್ನಾಗಿ ಮಾಡಿದ್ದೀಯ," ಎಂದಳು. "ಆದ್ರೂ ನಾನು ನಡ್ಕೊಂಡೇ ಬರ್ತೀನಿ. ಬೇಜಾರು ಮಾಡ್ಕೋಬೇಡ."

ಅವನು ಬೇಜಾರು ಮಾಡಿಕೊಳ್ಳಲಿಲ್ಲ. ಅವಳ ಚೀಲಗಳನ್ನು ಗಾಡಿಗೆ ಕಟ್ಟಿದ. ಅವರು ನಡೆಯುವ ವೇಗಕ್ಕೆ ಗಾಡಿಯನ್ನು ನಿಧಾನ ಮಾಡಿ, ಗಾಳಿ ಬರುವ ಕಡೆಗೆ ತಾನಿದ್ದು, ಪಕ್ಕದಲ್ಲೇ ಓಡಿಸಿದ. ಇವಾಲು ನಾದಿನಿಯ ಜೊತೆ ನಡೆದಳು. ಮನೆಯವರೆಗೂ ಹಾಗೇ ಹೋದರು. ಆಕ್ಸಲ್ ರಿಪೇರಿಯಾದಷ್ಟು ಬೇಗ ಮನಸ್ಸು ರಿಪೇರಿಯಾಗುವುದಿಲ್ಲ ಎಂದು ಇವಾಲುವಿಗೆ ಆಗ ತಿಳಿಯಿತು. ಬಹುಶಃ ಅವನಿಗೂ ತಿಳಿದಿತ್ತು.

ಈಗ ಇದನ್ನು ಓದುತ್ತಿರುವ, ಓದಿಸಿ ಕೇಳುತ್ತಿರುವ ನಿಮಗೆ ಒಂದು ಮಾತು. ನಿಮ್ಮ ಅಂಗಳದಲ್ಲಿ ನಿಂತಿರುವುದು ಎಟಿವಿ ಇರಬಹುದು, ಟ್ರ್ಯಾಕ್ಟರಿನ ಟ್ರೈಲರ್ ಇರಬಹುದು, ಸಾಮಾನು ಸಾಗಿಸುವ ಆಟೋ ಇರಬಹುದು. ಅದರ ಮೇಲೆ ನಿಮ್ಮ ತಾಯಿ ಕೂರುತ್ತಾಳೆ, ನಿಮ್ಮ ಮಕ್ಕಳು ಕೂರುತ್ತಾರೆ. ಹಿಂದಿನಿಂದ ಸದ್ದು ಬಂದರೆ ಹಳೆ ಗಾಡಿ ಎಂದು ತಳ್ಳಿಹಾಕಬೇಡಿ. ಮನೆಯಲ್ಲಿ ಯಾರಾದರೂ ಆ ಸದ್ದಿನ ಬಗ್ಗೆ ಹೇಳಿದರೆ ನಗಬೇಡಿ. ಸದ್ದು ಕೇಳಿಸಿದವರು ಜಗಳಕ್ಕೆ ಹೆದರಿ ಸುಮ್ಮನಿರಬೇಡಿ. ದಾರಿಯಲ್ಲಿ ಹಾಕಿದ ಮೊಳೆಯನ್ನು, ಕಟ್ಟಿದ ತಂತಿಯನ್ನು ಮನೆಗೆ ಬಂದ ದಿನವೇ ತೆಗೆದು ಸರಿಯಾದ ಪಿನ್ನು ಹಾಕಿಸಿ. ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಕೇಳಿ. ಕೇಳುವುದರಲ್ಲಿ ಹೋಗುವ ಮರ್ಯಾದೆ ಯಾವುದೂ ಇಲ್ಲ.

ಈ ಹಾಳೆಯನ್ನು ಕೆಳಗಿಟ್ಟು ಹೊರಗೆ ಹೋಗಿ. ಗಾಡಿಗೆ ಅಡ್ಡಗಲ್ಲು ಕೊಟ್ಟು, ಗಾಲಿಯನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ ನೋಡಿ. ಕದಲಿದರೆ, ಸರಿಪಡಿಸುವ ತನಕ ಅದರ ಮೇಲೆ ಯಾರನ್ನೂ ಹತ್ತಿಸಬೇಡಿ.